ಥೈರಾಯ್ಡ್ ಇದ್ದವರು ಸಜ್ಜೆ ರೊಟ್ಟಿ, ಕ್ಯಾಬೇಜ್ ತಿನ್ನಬಾರದೇ? ಫಾರ್ವರ್ಡ್ ಮೆಸೇಜಿನಲ್ಲಿ ನಿಜವೆಷ್ಟು?

"ಥೈರಾಯ್ಡ್ ಇದ್ದವರಿಗೆ ಕ್ಯಾಬೇಜ್, ಗೋಬಿ, ಶೇಂಗಾ, ಸಜ್ಜೆ ವಿಷ. ಅಯೋಡಿನ್ ಉಪ್ಪು ಬಿಡಿ, ಸೈಂಧವ ಲವಣ ಬಳಸಿ. ಬೆಳಿಗ್ಗೆ ಹವೀಜದ ನೀರು ಕುಡಿದರೆ ಮಾತ್ರೆಯೇ ಬೇಡ." ಈ ಧಾಟಿಯ ಸಂದೇಶ ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಬಂದಿರಬಹುದು.

ಬಾದಾಮಿಯ ಬನಶಂಕರಿಗೆ ಹೋದವರಿಗೆ ಅಲ್ಲಿನ ರೊಟ್ಟಿ ಊಟ ಗೊತ್ತು. ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಹೊತ್ತು ತಂದ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಈ ಸಂದೇಶವನ್ನು ನಂಬಿದರೆ ಆ ತಾಟಿನ ಅರ್ಧ ಊಟ ಬಿಡಬೇಕು. ಊಟ ಬಿಟ್ಟರೆ ಆಗುವ ನಷ್ಟ ಒಂದು ಕಡೆ ಇರಲಿ. ಉಪ್ಪು ಬದಲಿಸಿದರೆ, ಮಾತ್ರೆ ಬಿಟ್ಟರೆ ಆಗುವ ಹಾನಿ ದೊಡ್ಡದು. ಹಾಗಾಗಿ ಒಂದೊಂದಾಗಿ ನೋಡೋಣ.

ಥೈರಾಯ್ಡ್ ಎಂದರೇನು?

ಥೈರಾಯ್ಡ್ ಎಂಬುದು ರೋಗದ ಹೆಸರಲ್ಲ. ಅದು ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಗ್ರಂಥಿ. ನಾವು ತಿನ್ನುವ ಆಹಾರದಲ್ಲಿರುವ ಅಯೋಡಿನ್ ಬಳಸಿಕೊಂಡು ಅದು ಹಾರ್ಮೋನು ತಯಾರಿಸುತ್ತದೆ. ಹೃದಯದ ಬಡಿತ, ದೇಹದ ಶಾಖ, ತೂಕ, ಮುಟ್ಟು, ಮಕ್ಕಳ ಬೆಳವಣಿಗೆ ಎಲ್ಲದಕ್ಕೂ ಈ ಹಾರ್ಮೋನು ಬೇಕು.

ಹಾರ್ಮೋನು ಕಡಿಮೆಯಾದರೆ ಹೈಪೋಥೈರಾಯ್ಡ್: ಸುಸ್ತು, ತೂಕ ಏರಿಕೆ, ಮಲಬದ್ಧತೆ, ಚಳಿ ತಡೆಯದಿರುವುದು. ಹೆಚ್ಚಾದರೆ ಹೈಪರ್‌ಥೈರಾಯ್ಡ್: ಎದೆ ಬಡಿತ, ಕೈ ನಡುಕ, ತೂಕ ಇಳಿಕೆ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. "ಥೈರಾಯ್ಡ್ ಇದ್ದವರೆಲ್ಲ ಇದನ್ನು ತಿನ್ನಿ" ಎನ್ನುವ ಯಾವ ಸಂದೇಶವನ್ನೂ ಇದೊಂದೇ ಕಾರಣಕ್ಕೆ ಅನುಮಾನಿಸಬಹುದು.

ಸಜ್ಜೆ ತಿಂದರೆ ಗಳಗಂಡ ಬರುತ್ತದೆಯೇ?

ಈ ಮಾತಿನ ಹಿಂದೆ ಒಂದಿಷ್ಟು ನಿಜವಿದೆ. ಸಜ್ಜೆಯಲ್ಲಿ ಥೈರಾಯ್ಡ್ ಗ್ರಂಥಿಯ ಕೆಲಸಕ್ಕೆ ಅಡ್ಡ ಬರುವ ಕೆಲವು ಅಂಶಗಳಿವೆ. ಆಫ್ರಿಕಾದ ಸೂಡಾನ್ ದೇಶದ ದಾರ್ಫುರ್ ಪ್ರದೇಶದಲ್ಲಿ ಸಜ್ಜೆಯೇ ಮುಖ್ಯ ಆಹಾರವಾಗಿದ್ದ ಜನರಲ್ಲಿ ಗಳಗಂಡ ಹೆಚ್ಚಾಗಿದ್ದುದನ್ನು 1980ರ ದಶಕದಲ್ಲಿ ಸಂಶೋಧಕರು ಗಮನಿಸಿದ್ದರು. ಆದರೆ ಅಲ್ಲಿ ಅಯೋಡಿನ್ ಕೊರತೆಯೂ ಇತ್ತು.

ಸಂದೇಶಗಳು ಬಿಟ್ಟುಬಿಡುವುದು ಇದನ್ನೇ. ಅಯೋಡಿನ್ ಸಾಕಷ್ಟು ಸಿಗುತ್ತಿದ್ದು, ಜೋಳ, ಗೋಧಿ, ಅಕ್ಕಿ, ಬೇಳೆ, ಕಾಯಿಪಲ್ಯದ ಜೊತೆ ಸಜ್ಜೆಯನ್ನೂ ತಿನ್ನುವವರು ಹೆದರಬೇಕಾಗಿಲ್ಲ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಿಂದರೆ ಥೈರಾಯ್ಡ್ ಕೆಡುವುದಿಲ್ಲ. ಮೂರು ಹೊತ್ತೂ ಸಜ್ಜೆಯೊಂದನ್ನೇ ತಿನ್ನುವ ಪದ್ಧತಿ ಬೇಡ, ಅಷ್ಟೆ. ಜೋಳದ ರೊಟ್ಟಿ ಬಿಡಿ ಎನ್ನಲು ಸರಿಯಾದ ಆಧಾರವಿಲ್ಲ.

ಕ್ಯಾಬೇಜ್, ಗೋಬಿ, ಶೇಂಗಾ?

ಕ್ಯಾಬೇಜ್, ಗೋಬಿ, ಮೂಲಂಗಿ ಇವುಗಳಲ್ಲಿಯೂ ಅಯೋಡಿನ್ ಬಳಕೆಗೆ ಅಡ್ಡಿಪಡಿಸುವ ಅಂಶಗಳಿವೆ. ಬೇಯಿಸಿದಾಗ ಅವುಗಳ ಪ್ರಭಾವ ಬಹಳಷ್ಟು ತಗ್ಗುತ್ತದೆ. ಅಮೆರಿಕದ ವೈದ್ಯರು 2010ರಲ್ಲಿ ಒಂದು ಪ್ರಕರಣ ವರದಿ ಮಾಡಿದ್ದರು: 88 ವರ್ಷದ ಮಹಿಳೆಯೊಬ್ಬರು ಕ್ಯಾಬೇಜ್ ಜಾತಿಯ ಬಾಕ್ ಚಾಯ್ ಸೊಪ್ಪನ್ನು ದಿನಕ್ಕೆ ಒಂದರಿಂದ ಒಂದೂವರೆ ಕಿಲೋದಷ್ಟು, ಅದೂ ಹಸಿಯಾಗಿ, ತಿಂಗಳುಗಟ್ಟಲೆ ತಿಂದು ತೀವ್ರ ಹೈಪೋಥೈರಾಯ್ಡ್‌ನಿಂದ ಆಸ್ಪತ್ರೆ ಸೇರಿದ್ದರು. ನಮ್ಮ ಮನೆಗಳಲ್ಲಿ ಯಾರೂ ಹಾಗೆ ತಿನ್ನುವುದಿಲ್ಲ. ವಾರಕ್ಕೆ ಒಂದೆರಡು ಸಲ ಕ್ಯಾಬೇಜ್ ಪಲ್ಯ ಮಾಡಿದರೆ ತೊಂದರೆಯಿಲ್ಲ. ರೊಟ್ಟಿ ಜೊತೆ ಹಚ್ಚಿಕೊಳ್ಳುವಷ್ಟು ಶೇಂಗಾ ಚಟ್ನಿಯಿಂದಲೂ ತೊಂದರೆಯಿಲ್ಲ.

ಸೈಂಧವ ಲವಣ ಒಳ್ಳೆಯದೇ?

ಇಡೀ ಸಂದೇಶದಲ್ಲಿ ಹೆಚ್ಚು ಅಪಾಯದ ಸಲಹೆಗಳಲ್ಲಿ ಇದೊಂದು. ದೊಡ್ಡವರಿಗೆ ದಿನಕ್ಕೆ ಸುಮಾರು 150 ಮೈಕ್ರೋಗ್ರಾಂ, ಗರ್ಭಿಣಿಯರಿಗೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕು. ಹಾಲು ಮೊಸರಿನಲ್ಲಿ ಸ್ವಲ್ಪ ಸಿಗುತ್ತದೆ. ಸಮುದ್ರದ ಮೀನು ನಮ್ಮ ಕಡೆ ಅಪರೂಪ. ಹೀಗಾಗಿ ಅಯೋಡಿನ್ ಮುಖ್ಯವಾಗಿ ಬರುವುದು ಉಪ್ಪಿನಿಂದಲೇ.

ಭಾರತ ಸರ್ಕಾರ 1962ರಲ್ಲೇ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಅಯೋಡಿನ್ ಇಲ್ಲದ ಉಪ್ಪನ್ನು ನೇರ ಸೇವನೆಗೆ ಮಾರಬಾರದೆಂಬ ನಿಯಮ 2006ರಿಂದ ದೇಶದಾದ್ಯಂತ ಜಾರಿಯಲ್ಲಿದೆ. ಅಂಗಡಿಯಲ್ಲಿ ಸಿಗುವ ಒಂದು ಕಿಲೋ ಉಪ್ಪಿನಲ್ಲಿ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕು. ಅಯೋಡಿನ್ ಸೇರಿಸದ ಸೈಂಧವ ಲವಣ, ಬಿಡಿಯಾಗಿ ಸಿಗುವ ಹರಳುಪ್ಪು ಇವುಗಳಿಂದ ಈ ಅಗತ್ಯ ಪೂರೈಸುವುದಿಲ್ಲ.

ಇಲ್ಲಿ ಇನ್ನೊಂದು ವಿಷಯ ಗಮನಿಸಿ. ಮನೆಯಲ್ಲಿ ಥೈರಾಯ್ಡ್ ತೊಂದರೆ ಇರುವುದು ಒಬ್ಬರಿಗೆ. ಆದರೆ ಅಡುಗೆಮನೆಯ ಉಪ್ಪಿನ ಡಬ್ಬಿ ಒಂದೇ. ಅತ್ತೆಗಾಗಿ ಉಪ್ಪು ಬದಲಿಸಿದರೆ ಗರ್ಭಿಣಿ ಸೊಸೆಗೂ, ಬೆಳೆಯುವ ಮಕ್ಕಳಿಗೂ ಅಯೋಡಿನ್ ತಪ್ಪುತ್ತದೆ. ಗರ್ಭದಲ್ಲಿ ಅಯೋಡಿನ್ ತೀರಾ ಕಡಿಮೆಯಾದರೆ ಮಗುವಿನ ಮಿದುಳಿನ ಬೆಳವಣಿಗೆಗೇ ಪೆಟ್ಟು ಬೀಳುತ್ತದೆ.

ಉಪ್ಪಿನ ಪೊಟ್ಟಣದ ಮೇಲೆ ನಗುವ ಸೂರ್ಯನ ಗುರುತು ನೋಡಿ ಕೊಳ್ಳಿ. ಮುಚ್ಚಳವಿರುವ ಡಬ್ಬಿಯಲ್ಲಿ, ಬಿಸಿಲು ಮತ್ತು ತೇವ ತಾಗದ ಕಡೆ ಇಡಿ. ಹಾಗೆಂದು ಉಪ್ಪು ಹೆಚ್ಚು ತಿನ್ನಬೇಡಿ, ರಕ್ತದೊತ್ತಡ ಏರುತ್ತದೆ. ವೈದ್ಯರು ಹೇಳದೆ ಅಯೋಡಿನ್ ಮಾತ್ರೆಯನ್ನೂ ನುಂಗಬೇಡಿ. ಅಯೋಡಿನ್ ಅತಿಯಾದರೂ ಥೈರಾಯ್ಡ್ ಕೆಡುತ್ತದೆ.

ಹವೀಜದ ನೀರು ಕುಡಿದು ಮಾತ್ರೆ ಬಿಡಬಹುದೇ?

ಬೇಡ. ಹವೀಜ, ಅಂದರೆ ಕೊತ್ತಂಬರಿ ಬೀಜದ ನೀರು ಥೈರಾಯ್ಡ್ ವಾಸಿ ಮಾಡುತ್ತದೆ ಎನ್ನಲು ಸರಿಯಾದ ಪುರಾವೆಯಿಲ್ಲ. ಹಾಗಾದರೆ ಕೆಲವರು "ಮಾತ್ರೆ ಬಿಟ್ಟರೂ ನನಗೇನೂ ಆಗಲಿಲ್ಲ" ಎನ್ನುವುದೇಕೆ? ಹೈಪೋಥೈರಾಯ್ಡ್‌ಗೆ ಕೊಡುವ ಲಿವೋಥೈರಾಕ್ಸಿನ್ ದೇಹದಲ್ಲಿ ಬಹಳ ದಿನ ಉಳಿಯುತ್ತದೆ. ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಮಾತ್ರೆ ನಿಲ್ಲಿಸಿದ ಕೆಲವು ದಿನ ಆರಾಮಾಗಿರುವುದು ಹಳೆಯ ಮಾತ್ರೆಯ ಬಲದಿಂದ. ಹೆಸರು ಮಾತ್ರ ಹವೀಜದ ನೀರಿಗೆ ಬರುತ್ತದೆ. ಕೆಲವು ವಾರಗಳ ನಂತರ ಸುಸ್ತು, ಬಾವು ಮೆಲ್ಲಗೆ ಮರಳುತ್ತವೆ.

ಹಾಗಾದರೆ ಊಟ ನಿಜವಾಗಿ ಅಡ್ಡ ಬರುವುದೆಲ್ಲಿ?

ಏನು ತಿಂದಿರಿ ಎನ್ನುವುದಕ್ಕಿಂತ ಮಾತ್ರೆಗೂ ತಿನ್ನುವುದಕ್ಕೂ ನಡುವೆ ಎಷ್ಟು ಹೊತ್ತು ಬಿಟ್ಟಿರಿ ಎನ್ನುವುದು ಮುಖ್ಯ.

• ಲಿವೋಥೈರಾಕ್ಸಿನ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ನುಂಗಿ. ಚಹಾ, ಕಾಫಿ, ಹಾಲಿನ ಜೊತೆ ಬೇಡ.
• ಆಮೇಲೆ 30ರಿಂದ 60 ನಿಮಿಷ ಏನೂ ಬೇಡ. ಎದ್ದ ಕೂಡಲೇ ಚಹಾ ಕುಡಿಯುವ ಅಭ್ಯಾಸ ಇದ್ದವರು ಎಡವುವುದು ಇಲ್ಲೇ.
• ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ 4 ಗಂಟೆ ಅಂತರ ಇರಲಿ. ಒಟ್ಟಿಗೆ ನುಂಗಿದರೆ ಥೈರಾಯ್ಡ್ ಔಷಧ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ.
• ಸೋಯಾ ತಿನ್ನುವವರೂ ಮಾತ್ರೆ ನುಂಗಿದ ಕೂಡಲೇ ತಿನ್ನಬಾರದು.
• ಕೂದಲಿಗೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ರಕ್ತ ಪರೀಕ್ಷೆಗೆ ಮುಂಚೆ ವೈದ್ಯರಿಗೆ ತಿಳಿಸಿ. ಅದರಿಂದ ಪರೀಕ್ಷೆಯ ಫಲಿತಾಂಶ ತಪ್ಪಾಗಿ ಬರಬಹುದು.

ಗರ್ಭಿಣಿಯರು ಈ ಅಂತರವನ್ನು ಹೆಚ್ಚು ಎಚ್ಚರದಿಂದ ಪಾಲಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣಾಂಶ, ಕ್ಯಾಲ್ಸಿಯಂ ಮಾತ್ರೆಗಳನ್ನು ಬಿಡುವಂತಿಲ್ಲ. ಥೈರಾಯ್ಡ್ ಮಾತ್ರೆಯನ್ನೂ ಬಿಡುವಂತಿಲ್ಲ. ಮೊದಲ ತಿಂಗಳುಗಳಲ್ಲಿ ಮಗು ತಾಯಿಯ ಹಾರ್ಮೋನನ್ನೇ ಅವಲಂಬಿಸಿರುತ್ತದೆ. ಮುಟ್ಟು ನಿಂತದ್ದು ತಿಳಿದ ಕೂಡಲೇ ವೈದ್ಯರಲ್ಲಿಗೆ ಹೋಗಿ. ಎಷ್ಟೋ ಸಲ ಡೋಸ್ ಹೆಚ್ಚಿಸಬೇಕಾಗುತ್ತದೆ. ಯಾರಿಗೇ ಆಗಲಿ, ಡೋಸ್ ಬದಲಾದ 6ರಿಂದ 8 ವಾರಗಳ ನಂತರ ಟಿಎಸ್‌ಎಚ್ ರಕ್ತ ಪರೀಕ್ಷೆ ಮಾಡಿಸಿದರೆ ಮಾತ್ರೆ ಸರಿ ಕೆಲಸ ಮಾಡುತ್ತಿದೆಯೇ ಎಂಬುದು ಗೊತ್ತಾಗುತ್ತದೆ.

ಒಟ್ಟಿನಲ್ಲಿ

ಸಜ್ಜೆ ರೊಟ್ಟಿ, ಬೇಯಿಸಿದ ಕ್ಯಾಬೇಜ್, ಶೇಂಗಾ ಚಟ್ನಿ ಹಿತಮಿತವಾಗಿ ತಿನ್ನಬಹುದು. ಅಯೋಡಿನ್ ಉಪ್ಪು ಬಿಡಬಾರದು. ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ, ಖಾಲಿ ಹೊಟ್ಟೆಯಲ್ಲಿ ನುಂಗಬೇಕು. ಡೋಸ್ ಹೆಚ್ಚು ಕಡಿಮೆ ಮಾಡುವುದು, ನಿಲ್ಲಿಸುವುದು ವೈದ್ಯರ ಮಾತಿನಂತೆ ಮಾತ್ರ.

ಮುಂದಿನ ಸಲ "ಮಾತ್ರೆ ಬಿಡಿ, ಉಪ್ಪು ಬದಲಿಸಿ" ಎಂಬ ಸಂದೇಶ ಬಂದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ನಿಮ್ಮ ಗುಂಪಿನಲ್ಲಿ ಬೆಳಿಗ್ಗೆ ಎದ್ದು ಥೈರಾಯ್ಡ್ ಮಾತ್ರೆ ನುಂಗುವ ಅಕ್ಕ, ಅತ್ತೆ, ಅವ್ವ ಒಬ್ಬರಾದರೂ ಇದ್ದೇ ಇರುತ್ತಾರೆ.