ಈಶಾನ್ಯದ ಶಬ್ದಕೋಶಗಳು ಮತ್ತು ಕನ್ನಡ ವ್ಯಾಕರಣದ ಪ್ರಶ್ನೆ

ಡಾ. ಡಿ. ಎನ್. ಶಂಕರ ಭಟ್ಟರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ (2000) ಬಹುಚರ್ಚಿತ ಕೃತಿ. ಅದನ್ನು ಸಂಸ್ಕೃತವಿರೋಧದ ಘೋಷಣೆಯೆಂದು ಓದಿದವರೂ ಉಂಟು. ಆದರೆ ಅದಕ್ಕೆ ಮೂರು ದಶಕಗಳ ಮೊದಲೇ ಅವರು ರಚಿಸಿದ್ದ ಎರಡು ಶಬ್ದಕೋಶಗಳನ್ನು ಲಕ್ಷಿಸಿದರೆ ಆ ವಾದದ ಶಾಸ್ತ್ರೀಯ ಹಿನ್ನೆಲೆ ವಿದಿತವಾಗುತ್ತದೆ.

ಪುಣೆಯ ಡೆಕ್ಕನ್ ಕಾಲೇಜು 1968ರಲ್ಲಿ ಅವರ ಬೋಡೊ ಶಬ್ದಕೋಶವನ್ನೂ 1969ರಲ್ಲಿ ತಾಂಖುಲ್ ನಾಗಾ ಶಬ್ದಕೋಶವನ್ನೂ ಪ್ರಕಟಿಸಿತು. 1997ರಲ್ಲಿ ಎಂ. ಎಸ್. ನಿಂಗೊಂಬ ಅವರೊಡನೆ ರಚಿಸಿದ ಮಣಿಪುರಿ ವ್ಯಾಕರಣ ಹೊರಬಂದಿತು. ಈ ಮೂರೂ ಚೀನಾ-ಟಿಬೆಟ್ ಭಾಷಾಕುಟುಂಬಕ್ಕೆ ಸೇರಿದವು. ಟಿಬೆಟಿನ ಹಾಗೂ ಬರ್ಮಾದ ಭಾಷೆಗಳು, ಸಿಚುವಾನ್ ಪ್ರಾಂತದ ಚಿಯಾಂಗ್ ಭಾಷೆ, ಅದರ ಬಳಗದ್ದೆಂದು ಗಣಿಸಲಾಗುವ, ಈಗ ನಶಿಸಿರುವ ಟಾಂಗುಟ್ ಭಾಷೆ ಇವೆಲ್ಲ ಅದೇ ಕುಟುಂಬದವು.

ಈ ಭಾಷೆಗಳ ಪದರಚನೆ ಸಂಸ್ಕೃತದ ಚೌಕಟ್ಟಿಗೆ ಸುಲಭವಾಗಿ ಒಗ್ಗದು. ಚಿಯಾಂಗ್ ಭಾಷೆಯಲ್ಲಿ ಕ್ರಿಯೆಯ ದಿಕ್ಕನ್ನು, ಅಂದರೆ ಮೇಲಕ್ಕೆ, ಕೆಳಕ್ಕೆ ಎಂಬುದನ್ನು, ಧಾತುವಿನ ಹಿಂದೆ ಬರುವ ಪ್ರತ್ಯಯ ಸೂಚಿಸುತ್ತದೆ. ಮಣಿಪುರಿಯಲ್ಲಿ ಅದು ಧಾತುವಿನ ಮುಂದೆ ಬರುತ್ತದೆ: ‘ಪುಥೋಕ್‌ಪ’ ಎಂದರೆ ಹೊರಕ್ಕೆ ಒಯ್ಯುವುದು, ‘ಪುಶಿನ್‌ಬ’ ಎಂದರೆ ಒಳಕ್ಕೆ ಒಯ್ಯುವುದು.

ಗುಣವಾಚಕಗಳ ವಿಷಯದಲ್ಲಿ ಭೇದ ಇನ್ನೂ ಸ್ಪಷ್ಟ. ಸಂಸ್ಕೃತದಲ್ಲಿ ವಿಶೇಷಣವು ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳನ್ನು ಅನುಸರಿಸುತ್ತದೆ. ಕನ್ನಡದಲ್ಲಿ ‘ದೊಡ್ಡ ಮನೆ’ಯು ‘ದೊಡ್ಡ ಮನೆಗಳಲ್ಲಿ’ ಎಂದಾದರೂ ‘ದೊಡ್ಡ’ ಎಂಬ ಪದ ಮಾರ್ಪಡುವುದಿಲ್ಲ. ಮಣಿಪುರಿಯಲ್ಲಿಯಾದರೋ ‘ಬೆಳ್ಳಗಿರು’ ಎಂಬುದೇ ಒಂದು ಧಾತು. ಅದರಿಂದ ಸಾಧಿತವಾದ ರೂಪ ಮಾತ್ರ ನಾಮಪದದೊಡನೆ ನಿಲ್ಲುತ್ತದೆ. 1994ರಲ್ಲಿ ಗುಣವಾಚಕ ವರ್ಗವನ್ನೇ ಕುರಿತು ಇಂಗ್ಲಿಷಿನಲ್ಲಿ ಗ್ರಂಥ ಬರೆದ ವಿದ್ವಾಂಸರಿಗೆ, ಒಂದು ಭಾಷೆಯ ವರ್ಗಗಳನ್ನು ಮತ್ತೊಂದರ ಮೇಲೆ ಹೊರಿಸುವ ತೊಡಕು ಬರಿಯ ಭಾವಾವೇಶದ ವಿಷಯವಾಗಿರಲಿಲ್ಲ.

ಹಾಗೆಂದು ಪ್ರಾಚೀನ ವೈಯಾಕರಣರು ಕನ್ನಡದ ವೈಶಿಷ್ಟ್ಯವನ್ನು ಕಾಣಲಿಲ್ಲವೆಂದಲ್ಲ. ನಾಗವರ್ಮನ ‘ಕರ್ಣಾಟಕ ಭಾಷಾಭೂಷಣ’, ಭಟ್ಟಾಕಳಂಕನ ‘ಕರ್ಣಾಟಕ ಶಬ್ದಾನುಶಾಸನ’ (1604) ಸಂಸ್ಕೃತ ಸೂತ್ರಗಳಲ್ಲಿವೆ, ಬಿ. ಎಲ್. ರೈಸ್ ಇವನ್ನು ಬೆಂಗಳೂರಿನಲ್ಲಿ 1884 ಮತ್ತು 1890ರಲ್ಲಿ ಮುದ್ರಿಸಿ ವಿದ್ವಲ್ಲೋಕಕ್ಕೆ ಒದಗಿಸಿದರು. ಕೇಶಿರಾಜನು ಕನ್ನಡದಲ್ಲೇ ಸೂತ್ರಿಸಿ, ೞಕಾರವುಳ್ಳ ಶಬ್ದಗಳನ್ನು ಪಟ್ಟಿಮಾಡಿದನು. ಈ ಜೈನ ವೈಯಾಕರಣರ ಚೌಕಟ್ಟು ಸಂಸ್ಕೃತದ್ದು, ಸಾಮಗ್ರಿ ಕನ್ನಡದ್ದು. ಆ ಚೌಕಟ್ಟು ಎಲ್ಲಿ ಒಗ್ಗುತ್ತದೆ, ಎಲ್ಲಿ ಒಗ್ಗದು ಎಂಬುದನ್ನು ನಿರ್ಣಯಿಸಲು ಮೂರನೆಯದೊಂದು ಭಾಷಾಕುಟುಂಬದ ಪರಿಚಯ ಸಹಕಾರಿ.

ಆ ಪರಿಚಯಕ್ಕೆ ಇಂದು ದೂರ ಹೋಗಬೇಕಿಲ್ಲ. ತಮಿಳು, ಉರ್ದು, ತೆಲುಗು, ಕನ್ನಡಗಳು ಬಹುಕಾಲದಿಂದ ಬೆರೆತಿರುವ ಶಿವಾಜಿನಗರ, ಹಲಸೂರುಗಳಿಂದ ಪೂರ್ವಕ್ಕೆ ಕೆ. ಆರ್. ಪುರದವರೆಗೆ ಹಬ್ಬಿದ ಬೆಂಗಳೂರಿನಲ್ಲಿ ಮಣಿಪುರಿ, ನಾಗಾ, ಬೋಡೊ ಭಾಷಿಕರೂ ನೆಲೆಸಿದ್ದಾರೆ. ಭಟ್ಟರ ಕನ್ನಡ ವ್ಯಾಕರಣವಿಚಾರವನ್ನು ಒಪ್ಪುವವರೂ ಅಲ್ಲಗಳೆಯುವವರೂ ಅವರ ಈಶಾನ್ಯದ ಶಬ್ದಕೋಶಗಳನ್ನು ಜೊತೆಗಿರಿಸಿಕೊಂಡು ಓದಿದರೆ ಚರ್ಚೆಗೆ ಗಟ್ಟಿಯಾದ ನೆಲೆ ದೊರೆಯುತ್ತದೆ.