ಮಾದರಿ ಕಾರುಗಳ ಚಾವಣಿ ತಗ್ಗಿಸುವಿಕೆ

ಪ್ಲಾಸ್ಟಿಕ್ ಮಾದರಿ ಕಾರಿನ ಕಿಟಕಿ ಕಂಬಗಳನ್ನು ಅಡ್ಡಲಾಗಿ ಕೊಯ್ದು, ಒಂದಿಷ್ಟು ಭಾಗ ತೆಗೆದು, ಚಾವಣಿಯನ್ನು ಕೆಳಗಿಳಿಸಿ ಮತ್ತೆ ಅಂಟಿಸುವ ಹವ್ಯಾಸಿ ಕುಶಲಕಲೆ. ಅಮೆರಿಕದಲ್ಲಿ ಇದಕ್ಕೆ ‘ಚಾಪ್ ಟಾಪ್’ ಎಂದು ಹೆಸರು. ಇದರ ಪ್ರೇರಣೆ ನಿಜವಾದ ಕಾರುಗಳದ್ದೇ. ದಕ್ಷಿಣ ಕ್ಯಾಲಿಫೋರ್ನಿಯದ ಒಣಗಿದ ಕೆರೆಯಂಗಳಗಳಲ್ಲಿ ವೇಗದ ಪಂದ್ಯ ಆಡುತ್ತಿದ್ದವರು ಗಾಳಿಯ ತಡೆ ತಗ್ಗಲೆಂದು ಹಳೆಯ ಫೋರ್ಡ್‌ಗಳ ಚಾವಣಿ ಇಳಿಸಿದರು. ಆಮೇಲೆ ಅದು ಬರೀ ಅಂದಕ್ಕಾಗಿ ಬೆಳೆಯಿತು. 1950ರ ದಶಕದ ಆರಂಭದಲ್ಲಿ ಸ್ಯಾಮ್ ಮತ್ತು ಜಾರ್ಜ್ ಬ್ಯಾರಿಸ್ ಸೋದರರು ರೂಪಿಸಿದ ಮರ್ಕ್ಯುರಿ ಕಾರುಗಳನ್ನು ಹವ್ಯಾಸಿಗಳು ಇಂದಿಗೂ ಅನುಸರಿಸುತ್ತಾರೆ.

ನಿಜವಾದ ಕಾರಿನ 4 ಅಂಗುಲದ ಇಳಿಕೆ ಎಂದರೆ 1:25 ಪ್ರಮಾಣದ ಮಾದರಿಯಲ್ಲಿ ಸುಮಾರು 4 ಮಿಲಿಮೀಟರ್ ಅಷ್ಟೇ. ಗರಗಸದ ಅಲಗು ತಿನ್ನುವ ಪ್ಲಾಸ್ಟಿಕ್ಕನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಂಬಗಳಿಗೆ ಟೇಪು ಸುತ್ತಿ, ಅದರ ಅಂಚಿನಗುಂಟ ಕೊಯ್ಯುವುದು ರೂಢಿ. 1932ರ ಫೋರ್ಡ್ ಕೂಪೆಯ ಕಂಬಗಳು ಹೆಚ್ಚುಕಡಿಮೆ ನೆಟ್ಟಗಿವೆ. ಕಲಿಯುವವರಿಗೆ ಅದೇ ವಾಸಿ. 1949ರ ಮರ್ಕ್ಯುರಿಯಲ್ಲಿ ಮುಂದಿನ ಕಂಬ ಹಿಂದಕ್ಕೆ, ಹಿಂದಿನದು ಮುಂದಕ್ಕೆ ವಾಲಿರುವುದರಿಂದ ಚಾವಣಿ ಇಳಿದೊಡನೆ ತುದಿಗಳು ಒಂದಕ್ಕೊಂದು ಕೂಡುವುದಿಲ್ಲ. ಆಗ ಚಾವಣಿಯನ್ನೇ ಅಡ್ಡ ಸೀಳಿ, ನಡುವೆ ಸ್ಟೈರೀನ್ ಪಟ್ಟಿ ಸೇರಿಸಿ, ಪುಟ್ಟಿ ಹಚ್ಚಿ ಮರಳುಕಾಗದದಿಂದ ಉಜ್ಜುತ್ತಾರೆ. ನಿಜವಾದ ಕೈಚಳಕ ಕಾಣುವುದು ಇಲ್ಲಿಯೇ.

ಕಿಟ್ಟಿನ ಗಾಜು ಹೊಂದದಿದ್ದರೆ ತೆಳುವಾದ ಪಾರದರ್ಶಕ ಹಾಳೆ ಬಳಸುತ್ತಾರೆ. ಸೀಟು, ಸ್ಟೀರಿಂಗುಗಳನ್ನೂ ತಗ್ಗಿಸಬೇಕಾಗಬಹುದು. ಎರಕದ ಲೋಹದ ಮಾದರಿಗಳಿಗೆ ಪ್ಲಾಸ್ಟಿಕ್ ಅಂಟು ಹಿಡಿಯದು. ಅವಕ್ಕೆ ಎಪಾಕ್ಸಿ ಬೇಕು.