ಕಡೂರು ಸೀಮೆಯ ಕೈತೋಟ: ಮುಂಗಾರಿಗೆ ಮುನ್ನ ಹಾಕಬೇಕಾದ ಲೆಕ್ಕ

ಕೈತೋಟವೆಂದರೆ ಮನೆಯ ಹಿತ್ತಲಲ್ಲಿ ನಾಲ್ಕು ಬೀಜ ಚೆಲ್ಲಿ ಮಳೆಗೆ ಕಾಯುವುದು ಎಂಬ ಭಾವನೆ ಅನೇಕರಲ್ಲಿದೆ. ಮಲೆನಾಡಿನಲ್ಲಿ ಇದು ಒಂದು ಮಟ್ಟಿಗೆ ನಡೆದೀತು. ಆದರೆ ಚಿಕ್ಕಮಗಳೂರು ಜಿಲ್ಲೆಯ ಬಯಲುಭಾಗವಾದ ಕಡೂರು, ತರೀಕೆರೆಯ ಪೂರ್ವ ಭಾಗ ಹಾಗೂ ತರೀಕೆರೆಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದ ಅಜ್ಜಂಪುರಗಳಲ್ಲಿ ಯೋಜನೆಯಿಲ್ಲದ ಕೈತೋಟ ಜುಲೈ ತಿಂಗಳ ಒಣಗಾಳಿಗೇ ಬಾಡಿಹೋಗುತ್ತದೆ. ಇಲ್ಲಿ ಮೊದಲು ಲೆಕ್ಕ ಹಾಕಬೇಕಾದದ್ದು ನೀರನ್ನು. ಬೀಜದ ಮಾತು ಅನಂತರದ್ದು.

ಈ ಲೆಕ್ಕ ಏಕೆ ಮುಖ್ಯ ಎಂಬುದಕ್ಕೆ 2023ನೇ ವರ್ಷವೇ ಸಾಕ್ಷಿ. ಆ ವರ್ಷದ ಮುಂಗಾರು ಕೈಕೊಟ್ಟು ರಾಜ್ಯ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಅದೇ ವರ್ಷದ ಜುಲೈನಲ್ಲಿ ಟೊಮೆಟೊ ಬೆಲೆ ಕಿಲೋಗೆ ನೂರು ರೂಪಾಯಿ ದಾಟಿತ್ತು. ತರಕಾರಿ ದುಬಾರಿಯಾಗುವುದೂ ಮನೆಯ ಕೊಳವೆಬಾವಿ ಬತ್ತುವುದೂ ಬಹುತೇಕ ಒಂದೇ ಕಾಲಕ್ಕೆ ಸಂಭವಿಸುತ್ತವೆ. ಅಂದರೆ ಕೈತೋಟ ಹೆಚ್ಚು ಬೇಕೆನಿಸುವ ದಿನಗಳಲ್ಲೇ ಅದನ್ನು ಉಳಿಸಿಕೊಳ್ಳುವುದು ಕಷ್ಟ. ಈ ಇಕ್ಕಟ್ಟನ್ನು ಮುಂಚಿತವಾಗಿ ಅರಿತವರ ಹಿತ್ತಲು ಮಾತ್ರ ಬರದ ವರ್ಷದಲ್ಲೂ ಹಸಿರಾಗಿರಬಲ್ಲದು. ಕಡೂರಿಗಾಗಿ ಹಾಕಿದ ಈ ಲೆಕ್ಕ ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಅರಸೀಕೆರೆ, ಹೊಸದುರ್ಗ, ತಿಪಟೂರು ಮುಂತಾದ ಬಯಲುಸೀಮೆಯ ಊರುಗಳಿಗೂ ಅನ್ವಯಿಸುತ್ತದೆ.

ಸೀಮೆಯ ಗುಣ

ಪಶ್ಚಿಮಕ್ಕೆ ಬಾಬಾಬುಡನ್ ಗಿರಿಶ್ರೇಣಿ ಅಡ್ಡ ನಿಂತಿರುವುದರಿಂದ ಮುಂಗಾರಿನ ಮೋಡಗಳು ಬಹುಪಾಲು ನೀರನ್ನು ಆಚೆಯ ಬದಿಯಲ್ಲೇ ಸುರಿಸಿ, ಈಚೆಗೆ ಗಾಳಿ ಮತ್ತು ತುಂತುರನ್ನು ಮಾತ್ರ ಕಳುಹಿಸುತ್ತವೆ. ಕಡೂರಿನಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಆಸುಪಾಸಿನ ಮಳೆಯಾದರೆ, ಅದೇ ಜಿಲ್ಲೆಯ ಮೂಡಿಗೆರೆ, ಶೃಂಗೇರಿಗಳಲ್ಲಿ ಅದರ ಹಲವು ಪಟ್ಟು ಸುರಿಯುತ್ತದೆ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ, ಎಮ್ಮೆದೊಡ್ಡಿಯ ಮದಗದ ಕೆರೆಯಂಥ ದೊಡ್ಡ ಕೆರೆಗಳನ್ನು ಹಿಂದಿನವರು ಗಿರಿಯ ತಪ್ಪಲಲ್ಲಿ ಕಟ್ಟಿದ್ದು ಬೆಟ್ಟದ ನೀರನ್ನು ಬಯಲಿಗೆ ಹಿಡಿದಿಡುವ ಸಲುವಾಗಿಯೇ.

ಬಯಲಿನಲ್ಲಿ ಮಳೆಗೆ ಎರಡು ಸರದಿಗಳಿವೆ. ಮೇ ತಿಂಗಳ ಗುಡುಗುಮಳೆ ಮೊದಲನೆಯದು. ಸೆಪ್ಟೆಂಬರ್-ಅಕ್ಟೋಬರ್ ತಿಂಗಳ ಮಳೆ ಎರಡನೆಯದು. ಇವೆರಡರ ನಡುವೆ ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಮೋಡ ಮುಸುಕಿದ್ದರೂ ಮಣ್ಣು ನೆನೆಯುವಷ್ಟು ಮಳೆ ಬಾರದಿರುವುದೇ ಹೆಚ್ಚು. ಕೈತೋಟದ ಪಂಚಾಂಗವನ್ನು ಈ ಎರಡು ಸರದಿಗಳಿಗೆ ಹೊಂದಿಸಿಕೊಳ್ಳಬೇಕು.

ನೀರಿನ ಲೆಕ್ಕ

ಇಪ್ಪತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಹಿತ್ತಲನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರಲ್ಲಿ 4 ಅಡಿ ಅಗಲ, 18 ಅಡಿ ಉದ್ದದ ನಾಲ್ಕು ಮಡಿಗಳನ್ನು, ನಡುವೆ ಒಂದೊಂದು ಅಡಿಯ ಕಾಲುದಾರಿ ಬಿಟ್ಟು ಮಾಡಬಹುದು. ಎರಡೂ ಬದಿಯಿಂದ ಕೈಗೆಟುಕಬೇಕಾದ್ದರಿಂದ ಮಡಿಯ ಅಗಲ ನಾಲ್ಕು ಅಡಿ ಮೀರಬಾರದು. ನಾಲ್ಕು ಮಡಿಗಳ ಒಟ್ಟು ವಿಸ್ತೀರ್ಣ 288 ಚದರ ಅಡಿ, ಅಂದರೆ ಸುಮಾರು 27 ಚದರ ಮೀಟರ್.

ಮಳೆಯಿಲ್ಲದ ದಿನ ಬೆಳೆದು ನಿಂತ ತರಕಾರಿಗೆ ಒಂದು ಚದರ ಮೀಟರಿಗೆ 4ರಿಂದ 5 ಲೀಟರ್ ನೀರು ಬೇಕು. ಒಟ್ಟಾರೆ ದಿನಕ್ಕೆ 110ರಿಂದ 135 ಲೀಟರ್, ಅಂದರೆ ಎಂಟು ಹತ್ತು ಬಿಂದಿಗೆ. ಇಷ್ಟು ನೀರು ಬೇಸಿಗೆಯಲ್ಲಿ ಮನೆಗೆ ದೊರೆಯುವುದೇ ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಟ್ಟುಕೊಂಡ ಮೇಲಷ್ಟೇ ಗುದ್ದಲಿ ಹಿಡಿಯುವುದು ಲೇಸು. ಅರ್ಧದಷ್ಟು ನೀರಿದ್ದರೆ ಎರಡೇ ಮಡಿ ಸಾಕು. ನಾಲ್ಕು ಮಡಿಗೆ ಅರೆಹೊಟ್ಟೆ ನೀರುಣಿಸುವುದಕ್ಕಿಂತ ಎರಡು ಮಡಿಗೆ ತುಂಬ ಉಣಿಸಿದರೆ ಫಸಲು ಹೆಚ್ಚು.

ಈ ನೀರಿಗೆ ಮನೆಯಲ್ಲೇ ಮೂರು ಮೂಲಗಳಿವೆ.

1. ಅಡುಗೆಮನೆಯ ತೊಳೆದ ನೀರು: ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನು ನೇರವಾಗಿ ಮಡಿಗೆ ಹಾಕಬಹುದು. ಉಪ್ಪು, ಎಣ್ಣೆ ಬೆರೆತದ್ದನ್ನು ಹಾಕಕೂಡದು.

2. ಬಚ್ಚಲ ನೀರು: ಸೋಪಿನ ಅಂಶವಿರುವುದರಿಂದ ಸೊಪ್ಪು, ಮೂಲಂಗಿ, ಸೌತೆಗಳಿಗೆ ಸಲ್ಲದು. ಜಲ್ಲಿ, ಮರಳು ತುಂಬಿದ ಗುಂಡಿಯ ಮೂಲಕ ಹಾಯಿಸಿ ಬಾಳೆ, ನುಗ್ಗೆ, ಕರಿಬೇವುಗಳಿಗೆ ಬಿಡುವುದು ವಾಡಿಕೆ.

3. ಮಾಳಿಗೆಯ ಮಳೆನೀರು: ಸಾವಿರ ಚದರ ಅಡಿಯ ಮಾಳಿಗೆಯ ಮೇಲೆ ವರ್ಷಕ್ಕೆ 600 ಮಿ.ಮೀ. ಮಳೆ ಬಿದ್ದರೆ, ನೂರಕ್ಕೆ ಎಂಬತ್ತು ಪಾಲು ಹಿಡಿದರೂ 44 ಸಾವಿರ ಲೀಟರಿಗೂ ಹೆಚ್ಚು ನೀರು ದೊರೆಯುತ್ತದೆ. ಅಷ್ಟನ್ನೂ ಕೂಡಿಡಲು ಸ್ಥಳವಿರದು. ಆದರೆ 5 ಸಾವಿರ ಲೀಟರಿನ ಒಂದು ತೊಟ್ಟಿಯಿದ್ದರೂ ಮೇಲಿನ ನಾಲ್ಕು ಮಡಿಗಳಿಗೆ ಸುಮಾರು 40 ದಿನ ನೀರು ಸಾಲುತ್ತದೆ. ಮುಂಗಾರಿನ ನಡುವಣ ಬಿಡುವನ್ನು ದಾಟಲು ಇದು ದೊಡ್ಡ ಆಸರೆ.

ಮಣ್ಣಿನ ಸಿದ್ಧತೆ

ಕಡೂರು, ಬೀರೂರುಗಳ ಸುತ್ತ ಕೆಂಪು ಮರಳುಮಿಶ್ರಿತ ಮಣ್ಣು ಹೆಚ್ಚು. ನೀರು ಬೇಗ ಬಸಿದುಹೋಗುತ್ತದೆ. ಇಲ್ಲಿ ಮಡಿಯನ್ನು ನೆಲಮಟ್ಟಕ್ಕಿಂತ ಕೊಂಚ ತಗ್ಗಾಗಿಸಿ, ಸುತ್ತ ಬದು ಕಟ್ಟುವುದು ಅನುಕೂಲ. ಅಜ್ಜಂಪುರದ ಕಡೆ ಎರೆಭೂಮಿ ಇರುವಲ್ಲಿ ಇದಕ್ಕೆ ತದ್ವಿರುದ್ಧ. ಅಕ್ಟೋಬರಿನ ಮಳೆಗೆ ನೀರು ನಿಂತು ಬೇರು ಕೊಳೆಯುವುದರಿಂದ ಅರ್ಧ ಅಡಿ ಎತ್ತರದ ಏರುಮಡಿಯೇ ಬೇಕು.

ಚದರ ಮೀಟರಿಗೆ ಎರಡೂವರೆ ಕಿಲೋ ಕೊಟ್ಟಿಗೆ ಗೊಬ್ಬರದಂತೆ ಈ ನಾಲ್ಕು ಮಡಿಗೆ ಸುಮಾರು 70 ಕಿಲೋ ಬೇಕಾಗುತ್ತದೆ. ಗೊಬ್ಬರ ಪೂರ್ಣ ಕಳಿತಿರಬೇಕು. ಹಸಿ ಸಗಣಿ ಗೊಣ್ಣೆಹುಳುವನ್ನೂ ಗೆದ್ದಲನ್ನೂ ಕರೆಯುತ್ತದೆ. ಚದರ ಮೀಟರಿಗೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸುವುದು ಒಳಿತು.

ಈ ಭಾಗದ ಹಿತ್ತಲೆಂದ ಮೇಲೆ ಒಂದೆರಡು ತೆಂಗಿನಮರ ಇದ್ದೇ ಇರುತ್ತದೆ. ತೆಂಗಿನ ಚುರುಕಾದ ಬೇರುಗಳು ಬುಡದಿಂದ ಎರಡು ಮೀಟರ್ ವ್ಯಾಪ್ತಿಯಲ್ಲಿ ಹರಡಿರುತ್ತವೆಯಾದ್ದರಿಂದ ಅಷ್ಟು ಅಂತರ ಬಿಟ್ಟು ಮಡಿ ಮಾಡಬೇಕು. ಕಾಯಿಪಲ್ಲೆಗೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಸೊಪ್ಪುಗಳು ಅರೆನೆರಳಲ್ಲೂ ಬರುತ್ತವೆ. ಮಡಿಗೆ ಹೊದಿಕೆ ಹಾಸಿದರೆ ನೀರು ಗಣನೀಯವಾಗಿ ಉಳಿಯುತ್ತದೆ. ರಾಗಿಹುಲ್ಲು ದನಕರುಗಳಿಗೆ ಬೇಕಾದ ವಸ್ತುವಾದ್ದರಿಂದ ಅದರ ಬದಲು ಕತ್ತರಿಸಿದ ತೆಂಗಿನ ಗರಿ, ಅಡಿಕೆ ಸಿಪ್ಪೆ, ಒಣಗಿದ ತರಗೆಲೆಗಳನ್ನು ಬಳಸುವುದು ಮಿತವ್ಯಯದ ದಾರಿ.

ಯಾವ ಮಡಿಗೆ ಯಾವ ಬೆಳೆ?

ಮೊದಲ ಮಡಿ: ಒಂದು ಸಾಲಿನಲ್ಲಿ ಒಂದೂವರೆ ಅಡಿಗೊಂದರಂತೆ 12 ಟೊಮೆಟೊ. ಇನ್ನೊಂದು ಸಾಲಿನಲ್ಲಿ ಎರಡು ಅಡಿ ಅಂತರದ 4 ಬದನೆ, ಒಂದೂವರೆ ಅಡಿ ಅಂತರದ 6 ಮೆಣಸಿನ ಗಿಡ. ಇವು ಮೂರೂ ಒಂದೇ ಕುಟುಂಬದ ಬೆಳೆಗಳು. ರೋಗಗಳೂ ಬಹುಮಟ್ಟಿಗೆ ಒಂದೇ.

ಎರಡನೆಯ ಮಡಿ: ಬೆಂಡೆ, ಅಲಸಂದೆ, ಗೋರಿಕಾಯಿ. ದ್ವಿದಳ ಬೆಳೆಗಳು ನೆಲಕ್ಕೆ ಸಾರಜನಕ ಸೇರಿಸುವುದರಿಂದ ಮುಂದಿನ ಬೆಳೆಗೂ ಉಪಯೋಗ.

ಮೂರನೆಯ ಮಡಿ: ಹರಿವೆ, ದಂಟು, ಪಾಲಕ್, ಮೆಂತ್ಯ, ಕೊತ್ತಂಬರಿ. ಇಡೀ ಮಡಿಗೆ ಒಮ್ಮೆಗೇ ಬಿತ್ತದೆ, ಮೂರು ಭಾಗ ಮಾಡಿ ಹತ್ತು ಹನ್ನೆರಡು ದಿನಗಳ ಅಂತರದಲ್ಲಿ ಬಿತ್ತಿದರೆ ಸೊಪ್ಪು ನಿರಂತರವಾಗಿ ದೊರೆಯುತ್ತದೆ.

ನಾಲ್ಕನೆಯ ಮಡಿ: ಮೂಲಂಗಿ, ಹುರುಳಿಕಾಯಿ, ನವಿಲುಕೋಸು. ಇವು ಹಿಂಗಾರಿನ ಬೆಳೆಗಳು. ಅಲ್ಲಿಯವರೆಗೆ ಸೆಣಬು ಅಥವಾ ಅಲಸಂದೆ ಬಿತ್ತಿ, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿದರೆ ಹಸಿರೆಲೆ ಗೊಬ್ಬರವಾಗುತ್ತದೆ.

ಬೇಲಿ ಮತ್ತು ಚಪ್ಪರ: ಹೀರೆ, ಹಾಗಲ, ಸೋರೆ, ಚಪ್ಪರದವರೆ, ಬಸಳೆ. ಇವಕ್ಕೆ ಮಡಿಯ ಜಾಗ ಬೇಕಿಲ್ಲ. ಪ್ರತಿಯೊಂದಕ್ಕೂ ಎರಡು ಬಳ್ಳಿ ಸಾಕು.

ಈರುಳ್ಳಿ, ಆಲೂಗೆಡ್ಡೆಗಳಿಗೆ ಈ ಯೋಜನೆಯಲ್ಲಿ ಸ್ಥಾನವಿಲ್ಲ. ಕಡೂರು, ಅಜ್ಜಂಪುರಗಳ ಹೊಲಗಳಲ್ಲೇ ಬೆಳೆಯುವ ಈರುಳ್ಳಿ ಕಟಾವಿನ ಕಾಲಕ್ಕೆ ಅಗ್ಗವಾಗಿ ದೊರೆಯುವಾಗ, ಅದಕ್ಕೆ ಹಿತ್ತಲ ನೀರು ವ್ಯಯಿಸುವುದು ಲಾಭವಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರೊಬ್ಬರು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ಸೇವಿಸಬೇಕು. ನಾಲ್ವರ ಮನೆಯ ಪೂರ್ತಿ ಅಗತ್ಯವನ್ನು 27 ಚದರ ಮೀಟರ್ ಪೂರೈಸಲಾರದು. ಆದರೆ ಚೆನ್ನಾಗಿ ಆರೈಕೆ ಮಾಡಿದ ಟೊಮೆಟೊ ಗಿಡವೊಂದು ಒಂದೂವರೆ ಕಿಲೋ ಕೊಟ್ಟರೂ 12 ಗಿಡಗಳಿಂದ 18 ಕಿಲೋ ಆಯಿತು. ಸೊಪ್ಪು, ಮೆಣಸಿನಕಾಯಿ, ಕರಿಬೇವುಗಳ ಖರ್ಚನ್ನಂತೂ ವರ್ಷದ ಬಹುಪಾಲು ಉಳಿಸಬಹುದು.

ಮಳೆ ನಕ್ಷತ್ರದ ಪಂಚಾಂಗ

ಭರಣಿ, ಕೃತ್ತಿಕೆ (ಏಪ್ರಿಲ್ ಕೊನೆಯಿಂದ ಮೇ ಮೂರನೆಯ ವಾರ): ಮೊದಲ ಹದಮಳೆಗೆ ಅಗೆದು ಮಣ್ಣನ್ನು ಬಿಸಿಲಿಗೆ ಒಡ್ಡಿ, ಗೊಬ್ಬರ ಸೇರಿಸುವುದು. ಟೊಮೆಟೊ, ಬದನೆ, ಮೆಣಸಿನಕಾಯಿಯ ಸಸಿಮಡಿ ಹಾಕುವುದು. ಟೊಮೆಟೊ ಸಸಿ ಸುಮಾರು 25 ದಿನಕ್ಕೆ ನಾಟಿಗೆ ಬಂದರೆ, ಮೆಣಸಿನಕಾಯಿಗೆ 35ರಿಂದ 40 ದಿನ ಬೇಕು.

ರೋಹಿಣಿ, ಮೃಗಶಿರ (ಮೇ ಕೊನೆಯಿಂದ ಜೂನ್ ಮೂರನೆಯ ವಾರ): ಸಸಿಗಳನ್ನು ಸಂಜೆಯ ಹೊತ್ತು ನಾಟಿ ಮಾಡುವುದು. ಬೆಂಡೆ, ಅಲಸಂದೆ ಹಾಗೂ ಬಳ್ಳಿ ತರಕಾರಿಗಳ ಬೀಜ ಊರುವುದು.

ಆರಿದ್ರಾದಿಂದ ಆಶ್ಲೇಷದವರೆಗೆ (ಜೂನ್ ಕೊನೆಯಿಂದ ಆಗಸ್ಟ್ ಮಧ್ಯ): ಗಾಳಿಗೆ ಗಿಡ ಬೀಳದಂತೆ ಊರುಗೋಲು ಕೊಡುವುದು, ಹೊದಿಕೆ ಹಾಸುವುದು, ತೊಟ್ಟಿಯ ನೀರನ್ನು ಹಿತಮಿತವಾಗಿ ಬಳಸುವುದು. ತೋಟ ಸೋಲುವುದು ಅಥವಾ ಗೆಲ್ಲುವುದು ಈ ಏಳೆಂಟು ವಾರಗಳಲ್ಲಿ.

ಮಘೆಯಿಂದ ಉತ್ತರೆಯವರೆಗೆ (ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್): ಎರಡನೆಯ ಸಸಿಮಡಿ. ಹಳೆಯ ಬೆಂಡೆ, ಬಳ್ಳಿಗಳನ್ನು ಕಿತ್ತು ಗೊಬ್ಬರಗುಂಡಿಗೆ ಹಾಕುವುದು.

ಹಸ್ತ, ಚಿತ್ತೆ (ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್): ಮೂಲಂಗಿ, ಹುರುಳಿಕಾಯಿ, ನವಿಲುಕೋಸು, ಕೊತ್ತಂಬರಿ. ಜಡಿಮಳೆಯಲ್ಲಿ ಸಣ್ಣ ಬೀಜ ಕೊಚ್ಚಿಹೋಗದಂತೆ ಎಚ್ಚರ ವಹಿಸಬೇಕು. ನಾಡತಳಿಯ ಅವರೆ ಹಗಲು ಮೊಟಕಾದ ಮೇಲಷ್ಟೇ ಹೂ ಬಿಡುವುದರಿಂದ ಅದರ ಸುಗ್ಗಿ ಡಿಸೆಂಬರ್-ಜನವರಿಗೆ.

ಫೆಬ್ರವರಿಯಿಂದ ಏಪ್ರಿಲ್: ಒಂದೇ ಮಡಿ ಉಳಿಸಿಕೊಂಡು ನೆರಳಿನಲ್ಲಿ ಸೊಪ್ಪು, ಬಸಳೆ ಬೆಳೆಯುವುದು. ಉಳಿದ ಮಡಿಗಳಿಗೆ ವಿಶ್ರಾಂತಿ.

ಮುಂದಿನ ವರ್ಷ ಬೆಳೆಗಳನ್ನು ಒಂದೊಂದು ಮಡಿ ಮುಂದಕ್ಕೆ ಸರಿಸಬೇಕು. ಟೊಮೆಟೊ ಇದ್ದಲ್ಲೇ ಮತ್ತೆ ಟೊಮೆಟೊ, ಬದನೆ ಹಾಕಿದರೆ ಸೊರಗು ರೋಗ ಮಣ್ಣಿನಲ್ಲೇ ನೆಲೆಸುತ್ತದೆ.

ಬೀಜದ ಆಯ್ಕೆ

ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ‘ಅರ್ಕಾ’ ಹೆಸರಿನಲ್ಲಿ ಹೊರತಂದ ತಳಿಗಳು ಕೈತೋಟಕ್ಕೆ ಒಗ್ಗುತ್ತವೆ. ಬೆಂಡೆಯಲ್ಲಿ ಅರ್ಕಾ ಅನಾಮಿಕಾ, ಹರಿವೆಯಲ್ಲಿ ಅರ್ಕಾ ಸುಗುಣಾ, ಹುರುಳಿಕಾಯಿಯಲ್ಲಿ ಅರ್ಕಾ ಕೋಮಲ್, ಸೋರೆಯಲ್ಲಿ ಅರ್ಕಾ ಬಹಾರ್ ಹೆಸರಾದವು. ಅರ್ಕಾ ಜಯ್ ಅವರೆ ಗಿಡ್ಡ ಜಾತಿಯದು. ಹಗಲಿನ ಉದ್ದಕ್ಕೆ ಕಾಯದೆ ಎಲ್ಲ ಕಾಲಕ್ಕೂ ಹೂ ಬಿಡುತ್ತದೆ. ಅರ್ಕಾ ರಕ್ಷಕ್ ಟೊಮೆಟೊಗೆ ಎಲೆ ಮುಟುರು, ದುಂಡಾಣು ಸೊರಗು, ಎಲೆ ಅಂಗಮಾರಿ ಎಂಬ ಮೂರು ರೋಗಗಳನ್ನು ತಾಳುವ ಗುಣವಿದೆ. ಆದರೆ ಇದು ಸಂಕರಣ ತಳಿಯಾದ್ದರಿಂದ ಇದರ ಹಣ್ಣಿನ ಬೀಜ ಎತ್ತಿಟ್ಟು ಬಿತ್ತಿದರೆ ಅದೇ ಗುಣ ಬಾರದು.

ಅವರೆ, ಅಲಸಂದೆ, ಹೀರೆ, ಹಾಗಲ, ದಂಟುಗಳ ನಾಟಿ ಬೀಜವನ್ನು ಮನೆಯಲ್ಲೇ ಉಳಿಸಿಕೊಳ್ಳಬಹುದು. ಆರೋಗ್ಯವಂತ ಗಿಡದ ಬಲಿತ ಕಾಯಿಯನ್ನು ಆರಿಸಿ, ಒಣಗಿಸಿ, ಬೂದಿ ಬೆರೆಸಿ ಡಬ್ಬಿಯಲ್ಲಿಡುವ ಹಳೆಯ ಪದ್ಧತಿ ಇಂದಿಗೂ ಸಲ್ಲುತ್ತದೆ. ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ, ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ತಳಿ ಹಾಗೂ ರೋಗಗಳ ಕುರಿತು ಸಲಹೆ ಕೇಳಬಹುದು.

ಕೀಟ, ರೋಗ, ಕೋತಿ

ಬೆಂಡೆಯ ಹಳದಿ ನಂಜನ್ನೂ ಟೊಮೆಟೊದ ಎಲೆ ಮುಟುರನ್ನೂ ಹರಡುವುದು ಬಿಳಿನೊಣ. ಸಸಿಮಡಿಗೆ ಸಣ್ಣ ಕಣ್ಣಿನ ಪರದೆ ಹೊದಿಸಿದರೆ ಅರ್ಧ ಯುದ್ಧ ಗೆದ್ದಂತೆ. ನಂಜು ತಗುಲಿದ ಗಿಡಕ್ಕೆ ಔಷಧವಿಲ್ಲ. ಕಂಡ ಕೂಡಲೇ ಕಿತ್ತುಹಾಕಬೇಕು. ಹೀರೆ, ಹಾಗಲಗಳಿಗೆ ಹಣ್ಣುನೊಣದ ಕಾಟ ಹೆಚ್ಚು. ಎಳೆಗಾಯಿಗೆ ಕಾಗದದ ಚೀಲ ಕಟ್ಟುವುದು, ಉದುರಿದ ಕಾಯಿಗಳನ್ನು ಆಯ್ದು ಆಳವಾಗಿ ಹೂಳುವುದು ಸರಳ ಉಪಾಯ. ಎಲೆ ತಿನ್ನುವ, ರಸ ಹೀರುವ ಕೀಟಗಳಿಗೆ ಲೀಟರಿಗೆ 50 ಗ್ರಾಂನಂತೆ ಬೇವಿನ ಬೀಜದ ಪುಡಿಯನ್ನು ರಾತ್ರಿಯಿಡೀ ನೆನೆಸಿ, ಸೋಸಿ ಸಂಜೆ ಸಿಂಪಡಿಸಬಹುದು. ಹೊಲಕ್ಕೆ, ಅಡಿಕೆ ತೋಟಕ್ಕೆಂದು ತಂದ ರಾಸಾಯನಿಕವನ್ನು ಹಿತ್ತಲಿಗೆ ಎರಚುವುದಂತೂ ಸರ್ವಥಾ ಕೂಡದು. ನಾಳೆ ಬೆಳಗ್ಗೆ ಅದೇ ಸೊಪ್ಪು ಮನೆಮಕ್ಕಳ ಸಾರಿಗೆ ಬೀಳುತ್ತದೆ.

ಕೋತಿಗಳ ಹಾವಳಿಯಿರುವ ಊರುಗಳಲ್ಲಿ ಹಾಗಲ, ಮೆಣಸಿನಕಾಯಿಗಳ ಪಾಲು ಹೆಚ್ಚಿಸುವುದು ಜಾಣತನ. ಇವಕ್ಕೆ ಅವುಗಳ ಕಾಟ ತುಲನಾತ್ಮಕವಾಗಿ ಕಡಿಮೆ.

ಹಿತ್ತಲಿಲ್ಲದ ಪಟ್ಟಣವಾಸಿಗಳಿಗೆ

ಮಾಳಿಗೆಯ ಮೇಲೂ ಇದೇ ಪಂಚಾಂಗ ನಡೆಯುತ್ತದೆ. ಮಣ್ಣು, ತೆಂಗಿನ ನಾರಿನ ಪುಡಿ, ಕಳಿತ ಗೊಬ್ಬರಗಳನ್ನು ಸಮಪಾಲು ಬೆರೆಸಿದರೆ ಚೀಲ ಹಗುರಾಗುತ್ತದೆ. ನೀರುಂಡ ಬರೀ ಮಣ್ಣು ಘನ ಅಡಿಗೆ ಸುಮಾರು 50 ಕಿಲೋ ತೂಗುವುದರಿಂದ ಚೀಲಗಳನ್ನು ತಾರಸಿಯ ನಡುವೆ ಗುಡ್ಡೆ ಹಾಕದೆ, ತೊಲೆ ಮತ್ತು ಗೋಡೆಗಳ ಮೇಲ್ಭಾಗದಲ್ಲಿ ಸಾಲಾಗಿ ಇರಿಸಬೇಕು. ಸೊಪ್ಪಿಗೆ ಅರ್ಧ ಅಡಿ, ಟೊಮೆಟೊ-ಬದನೆಗೆ ಒಂದು ಅಡಿ ಆಳವಿದ್ದರೆ ಸಾಕು.

ಮೊದಲ ವರ್ಷವೇ ನಾಲ್ಕೂ ಮಡಿ ತುಂಬಬೇಕೆಂಬ ಹಟ ಬೇಡ. ಈ ಬೇಸಿಗೆಯಲ್ಲಿ ಒಂದು ವಾರ ಕಾಲ ಮನೆಯಿಂದ ಹೊರಹೋಗುವ ನೀರನ್ನು ಬಿಂದಿಗೆಯಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಆ ಬಿಂದಿಗೆಗಳ ಸಂಖ್ಯೆಯೇ ಮಡಿಗಳ ಸಂಖ್ಯೆಯನ್ನು ತೀರ್ಮಾನಿಸಲಿ. ಭರಣಿ ಮಳೆಗೆ ನೆಲ ಹದವಾಗುವ ಮುನ್ನ ಇಷ್ಟು ಕೆಲಸ ಮುಗಿದಿದ್ದರೆ, ಉಳಿದದ್ದನ್ನು ಮಣ್ಣು ಮತ್ತು ಮಳೆ ನೋಡಿಕೊಳ್ಳುತ್ತವೆ.